ಬಲದಿಂದ ಬರೆಯುತ್ತಿದ್ದ ಉಸ್ತಾದ್

ಯಾದಗಿರಿಯಲ್ಲಿ ಮೂರು ಭಾಷೆಯ ಬೋರ್ಡು ಬರೆಸುವವರು ನಮ್ಮಿಬ್ಬರನ್ನು ಜೋಡಿಯಾಗಿಯೇ ಕರೆಯುತ್ತಿದ್ದರು. ಮೇಲಿನ ಕನ್ನಡದ ಸಾಲು ನನ್ನದು, ಕೆಳಗಿನ ಉರ್ದು ಸಾಲು ಉಸ್ತಾದರದು, ಇಂಗ್ಲಿಷು ಯಾರ ಕೈ ಮೊದಲು ಬಿಡುವಾಗುತ್ತದೋ ಅವರದು. ತಗಡಿನ ಎಡತುದಿಯಿಂದ ನಾನು ಹೊರಟರೆ ಬಲತುದಿಯಿಂದ ಅವರು ಹೊರಡುತ್ತಿದ್ದರು. ನಡುವೆ ಎಲ್ಲಾದರೂ ಒಂದು ಕಡೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಆಗ ಅವರು ಬ್ರಷ್ ಎತ್ತಿ ಹಿಂದೆ ಸರಿದು ನಿಂತು, "ನೀ ದಾಟು ತಮ್ಮಾ, ಆಮ್ಯಾಲೆ ನಾ ಬರ್ತೀನಿ" ಅನ್ನುತ್ತಿದ್ದರು. ಹಿರಿಯರು ಅವರು, ಕೆಲಸ ಕಲಿಸಿದವರೂ ಅವರೇ. ಆದರೂ ದಾರಿ ಬಿಡುತ್ತಿದ್ದವರು ಯಾವಾಗಲೂ ಅವರೇ.

ಉಸ್ತಾದರು ಮೂತ್ರಕೋಶದ ಕ್ಯಾನ್ಸರಿನಿಂದ ತೀರಿಹೋದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕಾಯಿಲೆಯ ಮಾತು ಹೆಸರಿನ ಜತೆ ಸೇರುವುದು ಮನೆಯವರಿಗೆ ಇಷ್ಟವಿಲ್ಲ. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು; ನಾನೂ ಹಾಗೆಯೇ ಕರೆದೆ, ಹಾಗೆಯೇ ಬರೆಯುತ್ತೇನೆ.

ಬೋರ್ಡು ಬರೆಯುವುದೆಂದರೆ ಅಕ್ಷರ ಗೊತ್ತಿದ್ದರೆ ಸಾಕು ಎಂದು ಜನ ತಿಳಿದಿದ್ದಾರೆ. ತಗಡಿಗೆ ಮೊದಲು ರೆಡ್ ಆಕ್ಸೈಡ್ ಬಳಿಯಬೇಕು, ಒಣಗಿದ ಮೇಲೆ ಉಜ್ಜುಕಾಗದ ಹಾಕಿ ತಿಕ್ಕಬೇಕು, ಹಿನ್ನೆಲೆಯ ಬಣ್ಣ ಎರಡು ಕೈ ಕೊಡಬೇಕು. ಸುಣ್ಣ ಹಚ್ಚಿದ ದಾರವನ್ನು ಎರಡು ತುದಿಯಲ್ಲಿ ಇಬ್ಬರು ಬಿಗಿಯಾಗಿ ಹಿಡಿದು ನಡುವೆ ಮಿಡಿದರೆ ಬಿಳಿಯ ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರದ ಆಕಾರ, ಆಮೇಲೆ ಬಣ್ಣ, ಆಮೇಲೆ ಶೇಡು, ಕೊನೆಗೆ ಔಟ್‌ಲೈನು. ಉಸ್ತಾದರು ಸೀಮೆಸುಣ್ಣ ಮುಟ್ಟುತ್ತಿದ್ದದ್ದು ಅಪರೂಪ. ಉರ್ದುವಿನ ನಸ್ತಾಲೀಕ್ ಬರವಣಿಗೆಯಲ್ಲಿ ಅಕ್ಷರದ ಅಳತೆಯನ್ನು ಚುಕ್ಕೆಯಲ್ಲಿ ಹೇಳುತ್ತಾರೆ. ಲೇಖನಿಯ ಅಗಲಕ್ಕೆ ಸರಿಯಾಗಿ ಒಂದು ಚುಕ್ಕೆ ಇಟ್ಟು, ಈ ಅಕ್ಷರ ಇಷ್ಟು ಚುಕ್ಕೆ ಎತ್ತರ, ಈ ಬಾಗು ಇಷ್ಟು ಚುಕ್ಕೆ ಅಗಲ ಎಂದು ಲೆಕ್ಕ. ಉಸ್ತಾದರು ಲೇಖನಿಯ ಜಾಗದಲ್ಲಿ ಬ್ರಷ್ಷಿನ ಅಗಲ ಹಿಡಿದುಕೊಂಡಿದ್ದರು. ಆ ಲೆಕ್ಕವನ್ನು ನನ್ನ ಕನ್ನಡಕ್ಕೂ ತಂದರು. ನಮ್ಮ 'ರ' ಎಷ್ಟು ಚುಕ್ಕೆ, 'ಯ' ಎಷ್ಟು ಚುಕ್ಕೆ, ತಲೆಕಟ್ಟು ಹೊಟ್ಟೆಯಿಂದ ಎಷ್ಟು ಹೊರಗೆ ಚಾಚಬೇಕು ಎಂದು ಅವರು ಹೇಳಿಕೊಟ್ಟದ್ದು ಯಾವ ಚಿತ್ರಕಲಾ ಶಾಲೆಯಲ್ಲೂ ನನಗೆ ಸಿಗುತ್ತಿರಲಿಲ್ಲ. "ಒತ್ತಕ್ಷರಕ್ಕ ಮೊದಲ ಜಾಗಾ ಇಡು. ಅದು ಕೆಳಗ ಇಳೀತದ. ಜಾಗಾ ಇಡದಿದ್ರ ಅದು ಕೆಳಗಿನವರ ತಲಿಮ್ಯಾಲೆ ಕುಂದರ್ತದ" ಅನ್ನುತ್ತಿದ್ದರು. ಕೆಳಗಿನ ಸಾಲು ಅವರದೇ ಆಗಿರುತ್ತಿತ್ತಲ್ಲ.

ನಮ್ಮ ಕಡೆಯ ತಾಲ್ಲೂಕು ಊರುಗಳ ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ ಎಂದು ಮೊದಲು ಗಮನಿಸಿದವರು ಅವರು. ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ, ವಡಗೇರಾ, ಗುರುಮಠಕಲ್, ಎಲ್ಲವೂ ಗೆರೆಯ ಮೇಲೆ ಹಾಗೇ ಕೂರುತ್ತವೆ. ಗುಲ್ಬರ್ಗಾ ಬರೆಯುವಾಗ ಮಾತ್ರ ತೊಂದರೆ. 2014ರ ನವೆಂಬರಿನಲ್ಲಿ ಸರ್ಕಾರ ಗುಲ್ಬರ್ಗಾವನ್ನು ಕಲಬುರಗಿ ಎಂದು ಬದಲಿಸಿದಾಗ ಅವರಿಗೆ ಆದ ಸಂತೋಷ ಪೇಂಟರ್‌ಗಳಿಗೆ ಮಾತ್ರ ಅರ್ಥವಾದೀತು.

ಅವರಿಗೆ ಈ ವಿದ್ಯೆ ಮನೆಯಿಂದ ಬಂದದ್ದು. ನಮ್ಮ ನಾಡು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿ, ಶಾಲೆ, ಕಾಗದಪತ್ರ ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಆ ದಿನಗಳಲ್ಲಿ ಚೆಂದದ ಬರಹ ಬಲ್ಲವನಿಗೆ ಮರ್ಯಾದೆಯಿತ್ತು. ಉಸ್ತಾದರ ಮನೆಯ ಹಿರಿಯರು ಜೊಂಡಿನ ಲೇಖನಿಯಲ್ಲಿ ಬರೆದವರು. ಇವರು ಅದೇ ಬರಹವನ್ನು ಅಳಿಲು ಕೂದಲಿನ ಬ್ರಷ್ಷಿಗೆ, ಎನಾಮೆಲ್ ಬಣ್ಣಕ್ಕೆ, ತಗಡಿಗೆ ದಾಟಿಸಿಕೊಂಡರು. ಕನ್ನಡ ಶಾಲೆಯಲ್ಲಿ ಓದಿದ್ದು ಸ್ವಲ್ಪವೇ. ಆದರೆ ಕಾಗುಣಿತದ ತಪ್ಪಿರುವ ಬೋರ್ಡನ್ನು ಎಷ್ಟೇ ಅವಸರವಿದ್ದರೂ ಬರೆದು ಕೊಡುತ್ತಿರಲಿಲ್ಲ. ಅಂಗಡಿಯವನು ಚೀಟಿಯಲ್ಲಿ 'ಕಿರಾಣಿ' ಬದಲು ಏನೋ ಬರೆದು ಕೊಟ್ಟರೆ ಅವನನ್ನು ಕೂರಿಸಿ, ಚಹಾ ತರಿಸಿ, ತಿದ್ದಿಸಿ ಕಳಿಸುತ್ತಿದ್ದರು. "ಇದು ವರ್ಷಾನುಗಟ್ಟಲೆ ಇಲ್ಲೇ ನಿಂದ್ರತದ. ಸಾಲಿ ಹುಡುಗರು ಓದ್ಕೋತ ಹೋಗ್ತಾವ" ಎಂಬುದು ಅವರ ಕಾರಣ.

ನಮ್ಮ ತಿರುಗಾಟವೆಲ್ಲ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ನಡುವೆಯೇ. ಶಹಾಪುರದ ದಾರಿಯಲ್ಲಿ ಬುದ್ಧ ಮಲಗಿದ ಬೆಟ್ಟ ಕಂಡ ಕೂಡಲೇ ಉಸ್ತಾದರು ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಕೈ ಎತ್ತಿ ಗಾಳಿಯಲ್ಲಿ ಆ ಗೆರೆ ಎಳೆಯುತ್ತಿದ್ದರು: ಹಣೆ, ಮೂಗು, ತುಟಿ, ಗದ್ದ, ಎದೆ. ಇಷ್ಟು ಉದ್ದದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದವನು ಯಾರೋ, ಅವನ ಕೈಗೆ ಮುತ್ತು ಕೊಡಬೇಕು ಅನ್ನುತ್ತಿದ್ದರು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ, ಹತ್ತಿ ಹೆಚ್ಚಿತು. ಅದರ ಹಿಂದೆಯೇ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಗಳು ಬಂದವು. ಆ ಅಂಗಡಿಗಳ ಬೋರ್ಡುಗಳಿಂದ, ರಸ್ತೆ ಬದಿಯ ಗೋಡೆಗಳ ಜಾಹೀರಾತಿನಿಂದ ನಮ್ಮ ಎರಡು ಮನೆಗಳ ಒಲೆ ಉರಿದಿದೆ. ಗೋಡೆ ಬರಹಕ್ಕೆ ಚದರ ಅಡಿಯ ಲೆಕ್ಕ. ಬಿಸಿಲಿಗೆ ಕಾದ ಗೋಡೆ ಬಣ್ಣವನ್ನು ಕೂಡಲೇ ಕುಡಿದುಬಿಡುತ್ತದೆ, ಆದ್ದರಿಂದ ಬೆಳಕು ಹರಿಯುವ ಮೊದಲೇ ಏಣಿ ಹಾಕುತ್ತಿದ್ದೆವು. ಒಬ್ಬರು ಮೇಲೆ, ಒಬ್ಬರು ಏಣಿ ಹಿಡಿದು ಕೆಳಗೆ.

ಸುರಪುರಕ್ಕೆ ಹೋದರೆ ಅವರ ನಡೆಯೇ ಬೇರೆಯಾಗುತ್ತಿತ್ತು. ಅಲ್ಲಿನ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯ ಬಗ್ಗೆ ಅವರಿಗೆ ಭಕ್ತಿಯಿತ್ತು. ಚಿನ್ನದ ರೇಕು ಹಚ್ಚಿ, ಕೂದಲೆಳೆಯ ಕುಂಚದಲ್ಲಿ ದೇವರನ್ನೂ ದೊರೆಯನ್ನೂ ಬರೆದ ಗರುಡಾದ್ರಿ ಮನೆತನದ ಚಿತ್ರಕಾರರ ಮಾತು ಬಂದರೆ ಧ್ವನಿ ತಗ್ಗಿಸುತ್ತಿದ್ದರು. ಒಂದು ಹಳೆಯ ಮನೆಯಲ್ಲಿ ಅಂಥ ಒಂದು ಚಿತ್ರವನ್ನು ನನಗೆ ತೋರಿಸಿದರು. ಅವರು ನೋಡಿದ್ದು ದೇವರ ಮುಖವನ್ನಲ್ಲ, ಸೆರಗಿನ ಅಂಚನ್ನು. "ನೋಡು, ಇಲ್ಲಿ ಕೈ ಒಂದು ಸಲಾನೂ ನಡುಗಿಲ್ಲ" ಎಂದು ಬಹಳ ಹೊತ್ತು ನಿಂತಿದ್ದರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತು, ಸಂಸ್ಥಾನ ಮುಳುಗಿ, ಆಮೇಲೆ ಸುರಪುರ ನಿಜಾಮರ ಪಾಲಾಯಿತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬಂದವರು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬನ ಕತೆ ಕೇಳಿಕೊಂಡು ಹೋಗುತ್ತಾರೆ, ವೆಂಕಟಪ್ಪ ನಾಯಕನ ಕತೆಯನ್ನೂ ಕೇಳುತ್ತಾರೆ. ಉಸ್ತಾದರು ಕೇಳುತ್ತಿದ್ದ ಪ್ರಶ್ನೆ ಒಂದೇ: ದೊರೆ ಹೋದ ಮರುದಿನ ಆ ಚಿತ್ರಗಾರರು ಏನು ಉಂಡರು? ನಾನು ಇತಿಹಾಸ ಬಲ್ಲ ಕೆಲವರನ್ನು ಈ ಪ್ರಶ್ನೆ ಕೇಳಿದ್ದೇನೆ. ಇತಿಹಾಸದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು ಎಂದು ಈಗಲೂ ನನ್ನ ನಂಬಿಕೆ.

ಸುರಪುರದ ಹತ್ತಿರದ ದೇವರಗೋನಾಲದಲ್ಲಿ ಹುಟ್ಟಿ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನೆಲೆಸಿದ ಮೌನೇಶ್ವರರು ವಿಶ್ವಕರ್ಮ ಕುಲದವರು. ಅಲ್ಲಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಬಡಿಗರು, ಕಮ್ಮಾರರು, ಅಕ್ಕಸಾಲಿಗರು ಸೇರುವ ತಿಂಥಣಿಯ ಜಾತ್ರೆಗೆ ಉಸ್ತಾದರು ಬ್ರಷ್ಷಿನ ಕಟ್ಟು ಜತೆಗಿಟ್ಟುಕೊಂಡೇ ಹೋಗುತ್ತಿದ್ದರು. ಕೈಯಿಂದ ಉಣ್ಣುವವರೆಲ್ಲ ಒಂದೇ ಜಾತಿ ಎಂಬುದು ಅವರ ಮಾತು, ಅದರಂತೆಯೇ ಬದುಕಿದರು.

ಸುಮಾರು 2005ರ ಹೊತ್ತಿಗೆ ಫ್ಲೆಕ್ಸ್ ಬಂತು. ನಾವು ಎರಡು ದಿನ ಬರೆಯುತ್ತಿದ್ದ ಬೋರ್ಡು ಎರಡು ತಾಸಿನಲ್ಲಿ ಹೊರಬೀಳತೊಡಗಿತು. ಜತೆಯ ಪೇಂಟರ್‌ಗಳಲ್ಲಿ ಕೆಲವರು ಆಟೋ ಹಿಡಿದರು, ಕೆಲವರು ಪುಣೆ, ಮುಂಬಯಿಗೆ ಕಟ್ಟಡದ ಬಣ್ಣಕ್ಕೆ ಹೋದರು. ನಮ್ಮನ್ನು ಉಳಿಸಿದ್ದು ಹೊಸ ಜಿಲ್ಲೆ. 2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಶಾಲೆ, ಅಂಗನವಾಡಿ, ಪಂಚಾಯಿತಿ, ಆಸ್ಪತ್ರೆ, ಎಲ್ಲದರ ಗೋಡೆಯ ಮೇಲೂ 'ಜಿಲ್ಲೆ' ಎಂಬುದರ ಹಿಂದಿನ ಹೆಸರು ಬದಲಾಗಬೇಕಾಯಿತು. ಲಾರಿ, ಟೆಂಪೋಗಳ ಮೇಲೆ ಕೆಎ 33 ಬರೆಯುವ ಕೆಲಸ ಬಂತು. ಮುಂದೆ ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳಾದವು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಪ್ರತಿ ಸಲವೂ ಹಳೆಯ ಹೆಸರಿನ ಮೇಲೆ ಬಣ್ಣ ಬಳಿದು ಹೊಸದನ್ನು ಬರೆದವರು ನಾವು. ಶೌಚಾಲಯ ಕಟ್ಟಿಸಿ ಎಂದು ಬರೆದೆವು, ಉದ್ಯೋಗ ಖಾತರಿಯ ಕೂಲಿ ಎಷ್ಟೆಂದು ಬರೆದೆವು, ಶಾಲೆಯ ಪಡಸಾಲೆಯಲ್ಲಿ ಮಗ್ಗಿ ಬರೆದೆವು. ಮಕ್ಕಳು ಸುತ್ತ ನಿಂತು ಉಸ್ತಾದರ ಕೈ ನೋಡುತ್ತಿದ್ದವು. ನಾನು ಕಂಡ ಅತ್ಯಂತ ಒಳ್ಳೆಯ ಮೇಷ್ಟ್ರು ಅವರು, ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರಲಿಲ್ಲ ಅಷ್ಟೇ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಮೂತ್ರ ಒಂದು ದಿನ ಕೆಂಪಾಗಿ ಹೋಯಿತಂತೆ. ನೋವಿರಲಿಲ್ಲ. ಮರುದಿನ ತಾನಾಗಿಯೇ ಸರಿಹೋಯಿತು. ನಮ್ಮ ಕಡೆಯ ಬಿಸಿಲಿನಲ್ಲಿ ಏಣಿಯ ಮೇಲೆ ದಿನಗಟ್ಟಲೆ ನಿಲ್ಲುವವನಿಗೆ ಅದು ಉಷ್ಣ ಅನ್ನಿಸುವುದು ಸಹಜ. ಬಾರ್ಲಿ ನೀರು ಕುಡಿದರು, ಸಬ್ಜಾ ಬೀಜ ನೆನೆಹಾಕಿಕೊಂಡು ಕುಡಿದರು. ಕೆಲವು ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ನಿಂತಿತು. ಆ ಜಾಗದ ಮಾತನ್ನು ಹೆಂಡತಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ, ದಿನಾ ಜತೆಯಲ್ಲಿ ಊಟ ಬಿಚ್ಚುತ್ತಿದ್ದ ನನಗೂ ಹೇಳಲಿಲ್ಲ. ರಕ್ತ ಗಡ್ಡೆಗಟ್ಟಿ ಮೂತ್ರವೇ ಕಟ್ಟಿಕೊಂಡ ರಾತ್ರಿ ಮಗ ನನಗೆ ಫೋನ್ ಮಾಡಿದ. ಅಲ್ಲಿಂದ ಸೋನೋಗ್ರಫಿ, ದುರ್ಬೀನು ಹಾಕಿ ನೋಡುವ ಪರೀಕ್ಷೆ, ಚೂರು ತೆಗೆದು ಕಳಿಸುವುದು. ಯಾದಗಿರಿಯವರಿಗೆ ಕ್ಯಾನ್ಸರ್ ಎಂದರೆ ಕಣ್ಮುಂದೆ ಬರುವುದು ಪ್ರಯಾಣವೇ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಯಿದೆ, ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೆ ಹೋಗುವವರಿದ್ದಾರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಆಸ್ಪತ್ರೆಗೆ ಹೋಗುವವರಿದ್ದಾರೆ, ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವರಿದ್ದಾರೆ. ರೈಲಿನಲ್ಲಿ ಎಕ್ಸ್‌ರೇ ಲಕೋಟೆ ಎದೆಗೆ ಅವುಚಿಕೊಂಡು ಕುಳಿತವರನ್ನು ಕಂಡರೆ ನಮ್ಮ ಕಡೆಯವರಿಗೆ ಕೇಳದೆಯೇ ತಿಳಿಯುತ್ತದೆ.

ವೈದ್ಯರು ಉಸ್ತಾದರನ್ನು ಕೇಳಿದ್ದು ಬೀಡಿ ಎಷ್ಟು, ಕೆಲಸ ಏನು, ಕುಡಿಯುವ ನೀರು ಎಲ್ಲಿಯದು ಎಂದು. ಬೀಡಿ ಇತ್ತು. ಮೂತ್ರಕೋಶದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ದೊಡ್ಡ ಕಾರಣ. ಹೊಗೆಯ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡ ಅದನ್ನು ಸೋಸಿ, ಮೂತ್ರಕೋಶದಲ್ಲಿ ತಾಸುಗಟ್ಟಲೆ ನಿಲ್ಲಿಸುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನೀರಿನ ಪ್ರಶ್ನೆ ನನಗೆ ಆಗ ತಿಳಿಯಲಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಒಂದು ಲೀಟರಿಗೆ 10 ಮೈಕ್ರೋಗ್ರಾಮ್ ದಾಟಬಾರದು ಎನ್ನುವ ಆ ವಿಷ ಅಲ್ಲಿ ಮಿತಿಮೀರಿತ್ತು, ಜನರ ಅಂಗೈ ಅಂಗಾಲು ಒರಟಾಗಿ ಚರ್ಮದ ಕ್ಯಾನ್ಸರ್ ಕೂಡ ಬಂದಿತ್ತು. ಆರ್ಸೆನಿಕ್ ಮೂತ್ರಕೋಶವನ್ನೂ ಬಿಡುವುದಿಲ್ಲ. ಉಸ್ತಾದರು ಆ ತಾಂಡಾದವರಲ್ಲ, ಅವರಿಗೆ ಬಂದದ್ದು ನೀರಿನಿಂದ ಎಂದು ಯಾರೂ ಹೇಳಲಿಲ್ಲ. ಆದರೆ ನಮ್ಮ ಜಿಲ್ಲೆಯ ರೋಗಿಯನ್ನು ವೈದ್ಯರು ನೀರಿನ ಬಗ್ಗೆ ಕೇಳಲೇಬೇಕಾಗಿದೆಯಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಕೆಲಸದ ಪ್ರಶ್ನೆಯೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲಿಯೇ ಪೇಂಟರ್ ವೃತ್ತಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ಮೊದಲು ಶ್ವಾಸಕೋಶದ ಕ್ಯಾನ್ಸರಿನ ಮಾತು, ಆಮೇಲೆ ಮೂತ್ರಕೋಶದ್ದೂ ಸೇರಿತು. ನಾವು ಟರ್ಪೆಂಟೈನ್, ಥಿನ್ನರ್ ಬೆರೆಸಿದ ಬಣ್ಣದ ಆವಿಯನ್ನು ಮುಚ್ಚಿದ ಕೋಣೆಯಲ್ಲಿ ಉಸಿರಾಡಿದವರು, ಸಂಜೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಮೊಣಕೈವರೆಗೆ ಒರೆಸಿಕೊಂಡು ಅದೇ ಕೈಯಲ್ಲಿ ರೊಟ್ಟಿ ಮುರಿದವರು. ನಾವು ಹೆಚ್ಚು ಬಳಸಿದ ಕ್ರೋಮ್ ಹಳದಿಯಲ್ಲಿ ಸೀಸವಿರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಷ್ಟರಲ್ಲಿ ಉಸ್ತಾದರು ಎಷ್ಟು ಡಬ್ಬಿ ಹಳದಿ ಖಾಲಿ ಮಾಡಿದ್ದರೋ! ಬೀಡಿಯೋ ಬಣ್ಣವೋ ಎರಡೂ ಸೇರಿಯೋ, ಒಬ್ಬ ಮನುಷ್ಯನ ಮೈಯಲ್ಲಿ ಅದನ್ನು ಬಿಡಿಸಿ ತೋರಿಸಲು ಆಗುವುದಿಲ್ಲ ಎಂದರು ವೈದ್ಯರು. ಆದರೆ ನನ್ನ ಕಸುಬಿನ ಬಗ್ಗೆ ಲಿಯಾನಿನಲ್ಲಿ ಗೊತ್ತಿದ್ದ ಮಾತು ಯಾದಗಿರಿಯ ಒಬ್ಬ ಪೇಂಟರಿಗೂ ಮುಟ್ಟಿರಲಿಲ್ಲ. ಇದು ಅನ್ಯಾಯ.

ರೋಗ ಮೂತ್ರಕೋಶದ ಗೋಡೆಯ ಮಾಂಸಕ್ಕೆ ಇಳಿದಿತ್ತು. ಮೂತ್ರಕೋಶ ತೆಗೆದು, ಹೊಟ್ಟೆಗೆ ಒಂದು ದ್ವಾರ ಮಾಡಿ, ಹೊರಗೆ ಚೀಲ ಕಟ್ಟಬೇಕು ಎಂದರು. ಉಸ್ತಾದರು ಒಲ್ಲೆ ಎಂದರು. ಸಾವಿಗೆ ಅಂಜಿ ಅಲ್ಲ. ಮೂತ್ರದ ಚೀಲ ಕಟ್ಟಿಕೊಂಡವನು ನಮಾಜಿಗೆ ಹೇಗೆ ನಿಲ್ಲುವುದು? ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ಮಾಡಿಕೊಂಡ ವಜೂ ಹೇಗೆ ಉಳಿಯುತ್ತದೆ? ಮಸೀದಿಯ ಸಾಲಿನಲ್ಲಿ ಪಕ್ಕದವನಿಗೆ ವಾಸನೆ ಬಂದರೆ? ಇದನ್ನು ಅವರು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲಿಲ್ಲ, "ವಿಚಾರ ಮಾಡಿ ಹೇಳ್ತೀನ್ರಿ" ಎಂದು ಎದ್ದು ಬಂದರು. ಊರಿಗೆ ಬಂದು ದಿನ ಕಳೆದವು, ತಿಂಗಳು ಕಳೆದವು. ಕಡೆಗೆ ಮೌಲವಿ ಸಾಹೇಬರೇ ವಿಷಯ ತಿಳಿದು ಮನೆಗೆ ಬಂದರು. ಕಾಯಿಲೆಯಿಂದ ತಡೆಯಲಾಗದೆ ಮೂತ್ರ ಹೋಗುವವನಿಗೆ ಧರ್ಮದಲ್ಲಿ ವಿನಾಯಿತಿ ಇದೆ, ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವಜೂ ಮಾಡಿಕೊಂಡರೆ ಸಾಕು, ಪ್ರಾರ್ಥನೆಯಲ್ಲಿ ಯಾವ ಕೊರತೆಯೂ ಇಲ್ಲ ಎಂದು ಕೈ ಹಿಡಿದು ಹೇಳಿದರು. ಉಸ್ತಾದರು ಅತ್ತದ್ದನ್ನು ನಾನು ನೋಡಿದ್ದು ಆ ದಿನ. ಮರುದಿನವೇ ಹೊರಟೆವು. ಅಷ್ಟರಲ್ಲಿ ರೋಗ ಎಲುಬಿಗೆ ಹೋಗಿತ್ತು. ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ ಎಂದರು.

ಆ ಮೌಲವಿಯವರ ಮಾತನ್ನು ಮೊದಲ ವಾರವೇ ಯಾರಾದರೂ ಅವರಿಗೆ ಮುಟ್ಟಿಸಿದ್ದರೆ ಎಂದು ನಾನು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯರ ಕೋಣೆಯ ಪಕ್ಕದಲ್ಲಿ ಇಂಥ ಮಾತಾಡಲು ಒಬ್ಬರು ಇರಬೇಕು. ಮೌಲವಿ ಇರಲಿ, ಸ್ವಾಮಿಗಳಿರಲಿ, ಚೀಲ ಕಟ್ಟಿಕೊಂಡೇ ಹತ್ತು ವರ್ಷ ಬಾಳಿದ ಹಳೆಯ ರೋಗಿಯಿರಲಿ. ರೋಗಿ ಬಾಯಿಬಿಡದ ಅಂಜಿಕೆಗೂ ಚಿಕಿತ್ಸೆ ಬೇಕು.

ಕೊನೆಯ ದಿನಗಳಲ್ಲಿ ಸೊಂಟದ ನೋವು ಬಹಳವಿತ್ತು. ಗುಳಿಗೆ ನುಂಗಿದ ಮೇಲಿನ ಎರಡು ತಾಸು ಮಾತ್ರ ನೆಮ್ಮದಿ. ನಾನು ಆ ಹೊತ್ತು ನೋಡಿಕೊಂಡೇ ಹೋಗುತ್ತಿದ್ದೆ. ಯಾವ ಗೋಡೆ ಹಿಡಿದಿದ್ದೀಯ, ಯಾವ ಬಣ್ಣ, ಮಾಲಕ ಮುಂಗಡ ಕೊಟ್ಟನೋ ಇಲ್ಲವೋ ಎಂದು ಎಲ್ಲ ಕೇಳುತ್ತಿದ್ದರು. ಒಂದು ಉರ್ದು ಬೋರ್ಡಿನ ಕೆಲಸ ಬಂದಿತ್ತು. ನನಗೆ ಬರೆಯಲು ಬಾರದು, ಬಿಟ್ಟುಬಿಡುತ್ತೇನೆ ಅಂದೆ. ಹಾಸಿಗೆಯಲ್ಲಿ ಒರಗಿಕೊಂಡೇ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಆ ಅಂಗಡಿಯ ಹೆಸರು ಬರೆದು, ಪ್ರತಿ ಬಾಗಿನ ಪಕ್ಕ ಚುಕ್ಕೆಗಳ ಲೆಕ್ಕ ಇಟ್ಟು ಕೊಟ್ಟರು. "ಬಲದಿಂದ ಸುರು ಮಾಡು. ಅವಸರ ಮಾಡಬ್ಯಾಡ" ಅಂದರು. ಕೈ ನಡುಗಿರಲಿಲ್ಲ. ಆ ಬೋರ್ಡು ಯಾದಗಿರಿಯಲ್ಲಿ ಈಗಲೂ ಇದೆ.

ನನ್ನ ಪಾಲಿಗೆ ಅವರು ಈ ಸೀಮೆಯ ದೊಡ್ಡ ಕಲಾವಿದರಲ್ಲಿ ಒಬ್ಬರು. ಅವರಿಗೆ ಪ್ರಶಸ್ತಿ ಬರಲಿಲ್ಲ, ಪಿಂಚಣಿ ಇರಲಿಲ್ಲ, ಕಾರ್ಮಿಕ ಮಂಡಳಿಯ ಕಾರ್ಡೂ ಇರಲಿಲ್ಲ. ಕಟ್ಟಡಕ್ಕೆ ಬಣ್ಣ ಬಳಿಯುವವರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರೊಳಗಿದ್ದರೆ, ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ದೊಡ್ಡ ಕಾಯಿಲೆಗೆ ಅಲ್ಲಿಂದ ಸಹಾಯ ಸಿಗುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಇದನ್ನು ಓದಿದವರು ತಮ್ಮ ಮನೆಗೆ ಬಣ್ಣ ಬಳಿಯಲು ಬರುವವರಿಗೆ ಇಷ್ಟು ಹೇಳಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಲು ಬಿಡಿ, ಕೈ ತೊಳೆಯಲು ಸೋಪು ನೀರು ಕೊಡಿ.

ಪೇಂಟರ್ ಬಂಧುಗಳೇ, ಸೀಮೆಎಣ್ಣೆಯಲ್ಲಿ ಕೈ ತೊಳೆಯಬೇಡಿ, ಬೀಡಿ ಬಿಡಿ. ನೋವಿಲ್ಲದೆ ಒಂದೇ ಒಂದು ಸಲ ಮೂತ್ರ ಕೆಂಪಾಗಿ ಹೋದರೂ ಉಷ್ಣವೆಂದು ಕೂರದೆ ಮೂತ್ರರೋಗದ ವೈದ್ಯರ ಹತ್ತಿರ ಹೋಗಿ. ಬೇಗ ಕಂಡರೆ ಮೂತ್ರಕೋಶ ಉಳಿಸಿಕೊಂಡೇ ಗುಣಪಡಿಸಲು ಬರುತ್ತದೆ. ಮನೆಯವರಿಗೆ ಹೇಳಲು ನಾಚಿಕೆಯಾದರೆ ಏಣಿ ಹಿಡಿಯುವ ಜತೆಗಾರನಿಗಾದರೂ ಹೇಳಿ, ಅವನು ಕರೆದುಕೊಂಡು ಹೋಗುತ್ತಾನೆ.